ಮೊದಲ ಸೇರಿನ ಲೆಕ್ಕ

ರಾಯಚೂರು,
೬ ಮಾರ್ಚ್ ೨೦೨೫, ಗುರುವಾರ

ಪ್ರೀತಿಯ ಅವ್ವಾ,

ನಿನ್ನ ಕಿರಿಯ ಮಗಳು ಇಲ್ಲಿಂದಲೇ ನಿನ್ನ ಪಾದ ಮುಟ್ಟಿದ್ದಾಳೆ ಎಂದುಕೊಂಡು ಈ ಕಾಗದ ಓದಿಸಿಕೋ. ಮಂಡಿನೋವು ಹೇಗಿದೆ? ಅಕ್ಕನ ಮನೆ ಮೂರನೇ ಮಹಡಿಯಂತೆ, ಲಿಫ್ಟ್ ಇದ್ದರೂ ನೀನು ಅದರೊಳಗೆ ಕಾಲಿಡುವುದಿಲ್ಲವಂತೆ. ಹೈದರಾಬಾದಿಗೆ ಹೋಗಿ ಎರಡು ತಿಂಗಳಾಗುತ್ತ ಬಂತು. ಬಾಣಂತಿಯ ಊಟ, ಕೂಸಿನ ಎಣ್ಣೆನೀರು ಎಲ್ಲ ನಿನ್ನ ತಲೆಯ ಮೇಲೇ ಇರುವಾಗ ಮೆಟ್ಟಿಲು ಹತ್ತಿಳಿಯುವ ಹಟ ಬೇಡ. ಮಾನ್ವಿಯಲ್ಲಿ ಅಪ್ಪ ಆರಾಮವಾಗಿದ್ದಾನೆ. ರೈಸ್‌ಮಿಲ್ಲಿನಿಂದ ಬಂದು ತಾನೇ ರೊಟ್ಟಿ ಬಡಿಯುತ್ತೇನೆಂದು ಎರಡು ದಿನ ಹೆಣಗಾಡಿ, ಮೂರನೆಯ ದಿನದಿಂದ ಖಾನಾವಳಿ ಹಿಡಿದಿದ್ದಾನೆ. ನಾನು ಹೇಳಿದೆ ಎನ್ನಬೇಡ.

ಫೋನಿರುವಾಗ ಕಾಗದ ಯಾಕೆ ಎಂದು ನೀನು ಕೇಳುವುದು ಖಂಡಿತ. ಫೋನಿನಲ್ಲಿ ನೀನು ನನ್ನ ಮಾತು ಯಾವತ್ತು ಮುಗಿಸಗೊಟ್ಟಿದ್ದೀ ಹೇಳು! "ಆತು ಬಿಡು ವಿಜಿ, ಉಂಡೀಯೇನು?" ಎಂದು ಕೇಳಿ ಫೋನು ಅಕ್ಕನ ಕೈಗೆ ಕೊಟ್ಟುಬಿಡುತ್ತೀ. ಇದು ಅರ್ಧಕ್ಕೆ ನಿಲ್ಲಿಸುವ ಮಾತಲ್ಲ. ಅಕ್ಕಾ, ನೀನು ಓದಿ ಹೇಳುವಾಗ ಒಂದು ಸಾಲನ್ನೂ ನುಂಗಬೇಡ, ನಡುವೆ ನಕ್ಕು ಕೂಸನ್ನು ಎಬ್ಬಿಸಲೂ ಬೇಡ.

ಮೊದಲು ಸಿಹಿ ಸುದ್ದಿ. ಡಿ.ಎಡ್. ಅಂತಿಮ ಪಾಠದಲ್ಲಿ, ಅಂದರೆ ಪರೀಕ್ಷಕರ ಎದುರು ಮಕ್ಕಳಿಗೆ ಪಾಠ ಮಾಡಿ ತೋರಿಸುವ ಪರೀಕ್ಷೆಯಲ್ಲಿ, ನಾನು ಪಾಸಾಗಿದ್ದೇನೆ. ಮೊನ್ನೆ ಮಂಗಳವಾರ ಪಾಠವಾಯಿತು, ನಿನ್ನೆ ಕಾಲೇಜಿನ ಬೋರ್ಡಿಗೆ ಪಟ್ಟಿ ಅಂಟಿಸಿದರು. ನನ್ನ ಹೆಸರನ್ನು ಮೂರು ಸಲ ಬೆರಳಿಟ್ಟು ಓದಿದೆ. ಇನ್ನು ಕಹಿ. ಹೋದ ವರ್ಷ "ಪರೀಕ್ಷಾ ಮುಂದಕ್ಕ ಹಾಕ್ಯಾರವ್ವಾ" ಎಂದು ಹೇಳಿದ್ದು ಸುಳ್ಳು. ಪರೀಕ್ಷೆ ನಡೆದಿತ್ತು, ನಾನು ಫೇಲಾಗಿದ್ದೆ. ನನ್ನನ್ನು ಒಂದನೇ ತರಗತಿಗೆ ಸೇರಿಸಿದ ದಿನ ನೀನು ಶಾಲೆಯ ಗೇಟಿನ ಹೊರಗೇ ನಿಂತೆ: "ಒಳಗ ನಿಮ್ಮಪ್ಪ ಬರ್ತಾನ, ನನಗೇನ್ ತಿಳೀತದ ಅಲ್ಲಿ." ಆಮೇಲೆ ಬಹುಮಾನದ ದಿನವೂ ಅಲ್ಲೇ, ಕಾಲೇಜಿಗೆ ಹಾಕಿದ ದಿನವೂ ಅಲ್ಲೇ. ಇಷ್ಟು ವರ್ಷ ಗೇಟಿನಾಚೆ ಕಾದ ನಿನಗೆ ಫೇಲಾದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈ ಸಲದ್ದು ಕಡೆಯ ಅವಕಾಶವಾಗಿತ್ತು. ಇದೂ ಹೋಗಿದ್ದರೆ ಅಷ್ಟೂ ಓದು ನೀರುಪಾಲು. ಒಂದು ವರ್ಷ ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಕೈಯ ರೊಟ್ಟಿ ತಿಂದಿದ್ದೇನೆ. ಬೈದುಬಿಡು, ಹಗುರಾಗುತ್ತೇನೆ.

ಫೇಲಾದದ್ದು ಹೇಗೆಂದು ಕೇಳಿದರೆ ನಿನಗೂ ನಗು ಬರುತ್ತದೆ. ಪಾಠ ಗಿಡದ ಭಾಗಗಳು. ನಾನು ಗೆಳತಿಯ ಅಣ್ಣನಿಂದ ಪ್ರೊಜೆಕ್ಟರ್ ತಂದು, ಕಿಟಕಿಗೆಲ್ಲ ಕರಿಬಟ್ಟೆ ಕಟ್ಟಿಸಿ, ಗೋಡೆಯ ಮೇಲೆ ವಿಡಿಯೋ ಬಿಟ್ಟೆ. ಬೇರು, ಕಾಂಡ, ಎಲೆ ಎಲ್ಲ ಕೈಕಾಲು ಮೂಡಿ ಹಾಡಿಗೆ ಕುಣಿಯುವ ವಿಡಿಯೋ. ಮಕ್ಕಳು ಖುಷಿಯಾಗಿ ಚಪ್ಪಾಳೆ ತಟ್ಟಿದರು, ನಾನೂ ಬೀಗಿದೆ. ಗಂಟೆಗೆ ಮುಂಚೆ ಪರೀಕ್ಷಕರು ಒಬ್ಬಳನ್ನು ಎಬ್ಬಿಸಿ ಬೇರು ಏನು ಮಾಡುತ್ತದೆ ಎಂದು ಕೇಳಿದರು. "ಕುಣೀತದ್ರೀ ಸರ್" ಎಂದಳು. ಕರಿಬಟ್ಟೆಯ ಆಚೆ, ಕಿಟಕಿಗೆ ತಾಗಿಕೊಂಡೇ ಒಂದು ದೊಡ್ಡ ಬೇವಿನ ಗಿಡವಿತ್ತು ಅವ್ವಾ, ಅದರ ಬೇರು ಅರ್ಧ ಮೇಲೆದ್ದು ಕಾಣುತ್ತಿತ್ತು. ನಾನೇ ಅದನ್ನು ಮುಚ್ಚಿಸಿದ್ದೆ. ನಮಗೆ ಬೋಧನಾ ವಿಧಾನ ಕಲಿಸುವ ಖಾಜಾಮಿಯಾ ಸರ್ ಬೈಯಲೂ ಇಲ್ಲ. "ಪಾಠ ಪರದೆ ಮಾಡ್ತು. ನೀ ಎಲ್ಲಿದ್ದಿ ಯವ್ವಾ?" ಎಂದಷ್ಟೇ ಕೇಳಿದರು.

ಈ ವರ್ಷ ಸರ್ ನನ್ನನ್ನು ಬಿಡಲಿಲ್ಲ. ನನಗೆ ಬಂದ ಪಾಠ ನಾಲ್ಕನೇ ತರಗತಿಯ ಲೀಟರ್ ಅಳತೆ. ಚಾರ್ಟು ಬರೆದುಕೊಂಡು ಹೋದೆ, ಬೇಡವೆಂದರು. ಮತ್ತೆ ವಿಡಿಯೋ ಅಂದೆ, ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಗಂಟಿ ಹೊಡಿಯೂದ್ರಾಗ ಮಕ್ಕಳು ಏನ್ ಮಾಡಾಕ ಕಲೀಬೇಕು, ಅದನ್ನ ಮೊದಲ ಬರಿ. ಅವರಿಗೆ ಈಗಾಗಲೇ ಏನ್ ಬರ್ತದ, ಅದನ್ನ ಅದರ ಬಾಜೂಕ ಬರಿ. ಸಾಮಾನು ಆಮ್ಯಾಲ ಹುಡುಕು" ಎಂದರು. ನಾನು ಎರಡು ದಿನ ಬರೆದೆ, ಹೊಡೆದುಹಾಕಿದೆ. ಶಾಲೆ ಗಬ್ಬೂರಿನಿಂದ ಮಸರಕಲ್ ಕಡೆಗೆ ಹೋಗುವ ದಾರಿಯಲ್ಲಿದೆ, ಮಕ್ಕಳೆಲ್ಲ ಹೊಲಮನೆ ಕೆಲಸದವರ ಮಕ್ಕಳು. ಲೀಟರ್ ಗೊತ್ತಿಲ್ಲದಿದ್ದರೂ ಅವರಿಗೆ ಸೇರು ಗೊತ್ತು! ಆಗ ನೆನಪಾದದ್ದು ನಮ್ಮ ಹಿತ್ತಾಳೆ ಸೇರು.

ಹೌದವ್ವಾ, ದೇವರ ಜಗಲಿಯ ಮೇಲಿನ ಅದೇ ಸೇರು. ಸೋಮವಾರ ಸೋಮವಾರ ನೀನು ವಿಭೂತಿ ಹಚ್ಚಿ, ಮನೆಗೆ ಸೊಸೆ ಬರುವವರೆಗೆ ಯಾರೂ ಮುಟ್ಟಕೂಡದು ಎಂದು ತಾಕೀತು ಮಾಡಿದ ಸೇರು. ಶನಿವಾರ ಮಾನ್ವಿಗೆ ಹೋಗಿ ಕೇಳಿದಾಗ ಅಪ್ಪ ಅತ್ತಿತ್ತ ನೋಡಿ, "ಒಯ್ಯಿ. ನಿಮ್ಮವ್ವ ಕೇಳಿದ್ರ ಮಾತ್ರ ನನ್ನ ಹೆಸರು ಎತ್ತಬ್ಯಾಡ" ಎಂದ. ನೋಡು, ಎತ್ತಿಬಿಟ್ಟೆ.

ಸೋಮವಾರ ಮಕ್ಕಳೊಂದಿಗೆ ಒಮ್ಮೆ ಮಾಡಿ ನೋಡಿದೆ. ಜೋಳದ ರಾಶಿಯನ್ನು ಸೇರಿನಿಂದ ಅಳೆಯಬೇಕು, ಅದೇ ರಾಶಿಯನ್ನು ಲೀಟರ್ ಡಬ್ಬಿಯಿಂದ ಅಳೆಯಬೇಕು, ಎರಡನ್ನೂ ಹೋಲಿಸಬೇಕು. ನಾನು ಮುಂಚೆಯೇ ಅಳೆದಿಟ್ಟಿದ್ದೆ, ಆರು ಸೇರಿಗೆ ಐದು ಲೀಟರ್ ಬರುತ್ತಿತ್ತು. ಹುಲಗೆಮ್ಮ ಎಂಬ ಹುಡುಗಿ ಮುಂದೆ ಬಂದಳು. ಎರಡು ಜಡೆ, ತಿದ್ದಿದಂಥ ಗಂಭೀರ ಹುಬ್ಬು, ತರಗತಿಯಲ್ಲಿ ಬಾಯಿ ಬಿಡುವವಳೇ ಅಲ್ಲ. ಅವಳು ಸೆರಗು ಸಿಕ್ಕಿಸುವವಳಂತೆ ಓಢಣಿ ಸಿಕ್ಕಿಸಿ, ಸೇರು ತುಂಬಿ, "ಲಾಭ" ಎಂದು ಸುರಿದಳು. ಆಮೇಲೆ "ಎರಡು, ಮೂರು". ನಿನ್ನ ಹಾಗೆಯೇ. ರಾಶಿ ಅಳೆಯುವಾಗ ಮೊದಲ ಸೇರಿಗೆ ನಮ್ಮಲ್ಲಿ ಯಾರು ತಾನೇ ಒಂದು ಎನ್ನುತ್ತಾರೆ? ಆದರೆ ನನಗೆ ಹೋದ ವರ್ಷದ ಹೆದರಿಕೆ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಮಕ್ಕಳಿಗೆ ಒಂದು ಎರಡೂ ಸರಿಯಾಗಿ ಬರುವುದಿಲ್ಲ ಎಂದುಕೊಂಡರೆ? "ಲಾಭ ಅನ್ನಬ್ಯಾಡ, ಒಂದು ಅನ್ನು" ಎಂದು ತಿದ್ದಿದೆ. "ರಾಶಿ ಅಳಿಯುವಾಗ ಒಂದು ಅನ್ನಬಾರ್ದ್ರೀ ಟೀಚರ್" ಎಂದಳು, ಮೆಲ್ಲಗೆ. ನಾನು ಕೇಳಲಿಲ್ಲ. ಇಡೀ ತರಗತಿಯಿಂದ ಹತ್ತು ಸಲ ಒಂದು ಎನ್ನಿಸಿದೆ.

ಮಂಗಳವಾರ ಪರೀಕ್ಷಕ ಮೌನಪ್ಪ ಸರ್ ಬಂದು ಹಿಂದಿನ ಬೆಂಚಿನಲ್ಲಿ ಪುಸ್ತಕ ಬಿಚ್ಚಿ ಕುಳಿತರು. ನಗದ ಮನುಷ್ಯ. ಹುಲಗೆಮ್ಮ ಅಳೆದಳು, ಎಣಿಸಿದಳು, ಐದು ಸೇರು ಎಂದಳು. ಇನ್ನೊಂದು ಗುಂಪು ಲೀಟರ್ ಡಬ್ಬಿಯಿಂದ ಅಳೆದು ಐದು ಲೀಟರ್ ಎಂದಿತು. ಮಕ್ಕಳು ಕೇಳದೆಯೇ ಬೋರ್ಡಿಗೆ ಬಂದು, ಒಂದು ಸೇರು ಅಂದರೆ ಒಂದು ಲೀಟರ್ ಎಂದು ದೊಡ್ಡದಾಗಿ ಬರೆದು ಕೈತಟ್ಟಿದರು. ಮೌನಪ್ಪ ಸರ್ ಎದ್ದು ಬಂದು ಸೇರನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದರು. ಸೇರು ಚಿಕ್ಕದೆಂದು ಯಾರ ಕಣ್ಣಿಗಾದರೂ ಕಾಣುತ್ತಿತ್ತು. ಹೋಗಿ ಕುಳಿತು ಪುಸ್ತಕದಲ್ಲಿ ಏನೋ ಬರೆದರು. ನಾನು ಅಳೆದಾಗ ಆರು ಬಂದಿತ್ತಲ್ಲ, ಒಂದು ಸೇರು ಎಲ್ಲಿ ಹೋಯಿತು ಎಂದು ರಾಶಿಯನ್ನೇ ನೋಡಿದೆ ಅವ್ವಾ.

ಒಂದು ಕ್ಷಣ ಅನ್ನಿಸಿತು, ಐದನ್ನು ಒರೆಸಿ ನಾನೇ ಆರು ಎಂದು ಬರೆದು ಮುಂದೆ ಹೋಗಿಬಿಡಲೇ ಎಂದು. ಯಾರೂ ಕೇಳುತ್ತಿರಲಿಲ್ಲ. ಆದರೆ ಹುಲಗೆಮ್ಮ ನನ್ನನ್ನೇ ನೋಡುತ್ತಿದ್ದಳು, ತಪ್ಪು ತನ್ನದೇ ಎಂಬಂತೆ ತುಟಿ ಕಚ್ಚಿಕೊಂಡು. ಆಗ ಹೊಳೆಯಿತು. ಮೊದಲ ಸೇರು ಸುರಿಯುವಾಗ ಅವಳ ತುಟಿ ಅಲುಗಿತ್ತು, ದನಿ ಬಂದಿರಲಿಲ್ಲ. "ಮೊದಲಿನ ಸೇರಿಗೆ ಏನಂದಿ?" ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು: "ನೀವು ಲಾಭ ಅನ್ನಬ್ಯಾಡ ಅಂದ್ರಿ, ನಮ್ಮವ್ವ ಒಂದು ಅನ್ನಬ್ಯಾಡ ಅಂದ್ಳು. ಅದಕ್ಕ ಮೊದಲಿಂದು ಬಾಯಿ ಮುಚ್ಚಿ ಹಾಕಿದ್ನಿರೀ. ಎರಡನೇದ್ರಿಂದ ಒಂದು ಅಂದೆ." ಇಬ್ಬರು ದೊಡ್ಡವರ ಮಾತನ್ನೂ ಮೀರದೆ ನಡೆಯಲು ಹೋಗಿ ಆ ಕೂಸು ಒಂದು ಸೇರು ಜೋಳವನ್ನೇ ಲೆಕ್ಕದಿಂದ ಕಳೆದುಕೊಂಡಿತ್ತು. ಪರೀಕ್ಷಕರು ಕೇಳುತ್ತಿದ್ದಾರೆಂದು ಗೊತ್ತಿದ್ದೂ ಹೇಳಿದೆ: "ತಪ್ಪು ನಿಂದಲ್ಲ, ಟೀಚರ್‌ದು. ನಿಮ್ಮವ್ವ ಹ್ಯಾಂಗ ಅಳೀತಾಳ, ಹಂಗ ಅಳಿ."

ಅವಳು ಸೇರು ತುಂಬಿ "ಲಾಭ!" ಎಂದ ದನಿ ಪಕ್ಕದ ತರಗತಿಗೂ ಕೇಳಿರಬೇಕು. ಎರಡಕ್ಕೆ ಎಲ್ಲ ಮಕ್ಕಳೂ ದನಿಗೂಡಿಸಿದರು. ಆರು ಬಂತು. ಆಮೇಲೆ ಪಾಠವನ್ನು ನಾನು ಮಾಡಲಿಲ್ಲ, ಅದೇ ನಡೆಯಿತು. ಒಬ್ಬ ತಮ್ಮ ಮನೆಯ ಸೇರು ಇದಕ್ಕಿಂತ ದೊಡ್ಡದು ಎಂದ, ಇನ್ನೊಬ್ಬಳು ತನ್ನ ಅಜ್ಜಿ ಗೋಪುರ ಮಾಡಿ ತುಂಬುತ್ತಾಳೆ ಎಂದಳು. "ಹಂಗಾರ ಯಾರ ಸೇರು ಖರೇರೀ?" ಎಂದು ಜಗಳವೇ ಎದ್ದಿತು. ಎಲ್ಲರಿಗೂ ಒಂದೇ ಅಳತೆ ಬೇಕು ಎಂದು ಅವರೇ ಹೇಳಿದ ಮೇಲೆ ಲೀಟರ್ ಡಬ್ಬಿಯನ್ನು ಮೇಲೆತ್ತಿ ಹಿಡಿಯುವುದೊಂದೇ ನನಗೆ ಉಳಿದ ಕೆಲಸ.

ಕೊನೆಗೆ ಮೌನಪ್ಪ ಸರ್ ಹುಲಗೆಮ್ಮನನ್ನು ಕೇಳಿದರು, ಲಾಭ ಅಂದರೆ ಎಷ್ಟು ಎಂದು. "ಒಂದ್ರೀ. ಬಾಯಿಲೆ ಅನ್ನಂಗಿಲ್ಲ, ಅಷ್ಟ" ಎಂದಳು. ಆ ಮನುಷ್ಯ ನಕ್ಕರು ಅವ್ವಾ! ಹೊರಡುವಾಗ ನನಗೆ, "ಸಾಮಾನು ಚಲೋ ಆರಿಸೀರಿ. ಅದರ ಜೋಡಿ ಮಾತೂ ಬರ್ತದ, ಅದನ್ನ ಹೊರಗ ನಿಲ್ಲಿಸಬ್ಯಾಡ್ರಿ" ಎಂದಷ್ಟೇ ಹೇಳಿದರು. ನಿನ್ನೆ ಪಟ್ಟಿ ನೋಡಿದ ಮೇಲೆ ಖಾಜಾಮಿಯಾ ಸರ್ ಮುಂದೆ ಹೋಗಿ ನಿಂತೆ. ಅವರೇ ಚಹಾ ತರಿಸಿದರು. ರೂಮಿಗೆ ಬಂದು ಮಧ್ಯಾಹ್ನವೇ ಮಲಗಿಬಿಟ್ಟೆ. ವರ್ಷದಿಂದ ಅಂಥ ನಿದ್ದೆ ಬಂದಿರಲಿಲ್ಲ.

ಕೂಸಿಗೆ ನನ್ನ ಮುತ್ತು, ಅಕ್ಕನಿಗೂ ಭಾವನಿಗೂ ನೆನಪು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಲಿಫ್ಟಿನಲ್ಲಿ ಇಳಿ. ನಿನ್ನ ಬೈಗುಳ ಬರುವ ತನಕ ದಾರಿ ಕಾಯುತ್ತಿರುತ್ತೇನೆ.

ನಿನ್ನ ಮಗಳು,
ವಿಜಯಶ್ರೀ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಂಜುತ್ತಲೇ ಬರೆಯುತ್ತಿದ್ದೇನೆ. ಸೇರು ನನ್ನ ಹತ್ತಿರ ಇಲ್ಲ, ಶಾಲೆಯಲ್ಲೇ ಇದೆ. ಹುಲಗೆಮ್ಮ ಅದಕ್ಕೆ ವಿಭೂತಿ ಹಚ್ಚಿ ಬೀರುವಿನಲ್ಲಿಟ್ಟಿದ್ದಾಳೆ. ನೀನು ಹೇಗೆ ಅಳೆಯುತ್ತೀ ಎಂದು ಮಕ್ಕಳಿಗೆ ಹೇಳಿದ್ದೆ, ನೀನೇ ಬಂದು ತೋರಿಸಿ ಒಯ್ಯಬೇಕೆಂದು ಅವರೆಲ್ಲ ಹಟ ಹಿಡಿದಿದ್ದಾರೆ. ಹೆಡ್ ಮಾಸ್ತರರೂ ಒಪ್ಪಿದ್ದಾರೆ. ಬೋರ್ಡಿನ ಮೂಲೆಯಲ್ಲಿ "ಮುಂದಿನ ಪಾಠ ಚನ್ನಮಲ್ಲಮ್ಮನವರಿಂದ" ಎಂದು ನಿನ್ನ ಹೆಸರು ಬರೆದಾಗಿದೆ, ಒರೆಸಲು ಬಿಡುತ್ತಿಲ್ಲ. ಮಕ್ಕಳ ವಾರ್ಷಿಕ ಪರೀಕ್ಷೆಗೆ ಮುಂಚೆ ಬಾ ಅವ್ವಾ. ಈ ಸಲ ಗೇಟಿನ ಹೊರಗೆ ನಾನು ನಿಂತಿರುತ್ತೇನೆ, ನಿನ್ನನ್ನು ಒಳಗೆ ಕರೆದುಕೊಂಡು ಹೋಗಲು.