ನೀನು ತೆಗೆದ ಎರಡನೇ ಪುಟ

ಭಾಂಡುಪ್, ಮುಂಬೈ
8 ಜೂನ್ 2025, ಭಾನುವಾರ

ಪ್ರೀತಿಯ ಪ್ರೀತಮಣ್ಣಾ,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತಾ? ಈಗ ನೀನು ಟ್ರೌಟ್ ಮೀನಿನ ತೊಟ್ಟಿಗಳಿಗೆ ಇಳಿಯುವುದಿಲ್ಲ, ಲಸಿಕೆ ಕಂಪನಿಯ ಆಫೀಸಿನಲ್ಲೇ ಕೂರುತ್ತೀಯೆಂದು ಶ್ರಾವ್ಯಾ ಅತ್ತಿಗೆ ಹೇಳಿದ್ದರು. ಹಿಮಾಚಲದ ಆ ಕೊರೆಯುವ ನೀರು ತಪ್ಪಿದ ಮೇಲೆ ಬೆನ್ನು ಸುಧಾರಿಸಿರಬಹುದು. ಇಲ್ಲಿ ಅಪ್ಪನ ಸಕ್ಕರೆ ಹತೋಟಿಯಲ್ಲಿದೆ. ವಾರಕ್ಕೆ ನಾಲ್ಕು ದಿನ ಬಂದರೆ ಸಾಕೆಂದು ಮಾಲೀಕರು ಹೇಳಿದರೂ ಕೇಳದೆ, ದಿನಾ ಬೆಳಗಿನ ಲೋಕಲ್ ಹಿಡಿದು ಘಾಟ್ಕೋಪರಿನ ಹೋಟೆಲಿಗೆ ಹೋಗುತ್ತಾರೆ. ಅಮ್ಮನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ನನ್ನ ಫೋನನ್ನು ನೀನು ತೆಗೆಯದೆ ಹತ್ತು ದಿನವಾಯಿತು, ಅದಕ್ಕೇ ಈ ಪತ್ರ. ಒಂದು ಲೆಕ್ಕದಲ್ಲಿ ಇದೇ ಒಳ್ಳೆಯದು. ಈ ಎರಡು ಕೋಣೆಯ ಮನೆಯಲ್ಲಿ ತುಳುವಿನಲ್ಲಿ ಜಗಳವಾಡಿದರೆ ಅಮ್ಮನಿಗೆ ಎಲ್ಲ ಕೇಳಿಸುತ್ತದೆ.

ಕಳೆದ ವರ್ಷ ಮಾರ್ಚಿನಲ್ಲಿ ನೀನು ಕಳಿಸಿದ ಐಸ್ ಪೆಟ್ಟಿಗೆ ನಮ್ಮ ಲ್ಯಾಬಿಗೆ ಬಂದ ದಿನ ನೆನಪಿದೆ. ಹನ್ನೊಂದು ಜನ ರೈತರ ತೊಟ್ಟಿಗಳಿಂದ ತೆಗೆದ ಸತ್ತ ಟ್ರೌಟ್ ಮರಿಗಳು, ಒಂದೊಂದು ಚೀಲದ ಮೇಲೂ ನಿನ್ನ ದುಂಡು ಅಕ್ಷರ. ಊರೆಲ್ಲ ಬೇಯುತ್ತಿದ್ದ ಆ ತಿಂಗಳಲ್ಲಿ ಹದಿನೈದು ಡಿಗ್ರಿಯ ಪೆಟ್ಟಿಗೆಯೊಳಗೆ ಆ ಮರಿಗಳಿಂದ ತೆಗೆದ ರೋಗಾಣುಗಳನ್ನು ಮಗುವಿನಂತೆ ಸಾಕಿದೆ. ಎಲ್ಲ ಪ್ಲೇಟಿನಲ್ಲೂ ಒಂದೇ ತರಹದ ಹಳದಿ ಚುಕ್ಕೆಗಳು ಬೆಳೆದವು. ಕಣ್ಣಿಗೆ ಕಂಡದ್ದು ಅಷ್ಟೇ. ಅಲ್ಲಿಗೇ ನಿಲ್ಲಿಸಿ ವರದಿ ಬರೆದಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಒಂಬತ್ತನೇ ಕ್ಲಾಸಿನಲ್ಲಿ ಗೆಳತಿಯ ಪುಸ್ತಕ ನೋಡಿ ನಾನು ಈರುಳ್ಳಿ ಸಿಪ್ಪೆಯ ಚಿತ್ರ ಬರೆದಾಗ ಆ ಹಾಳೆ ಹರಿದು, "ನಿನಗೆ ಕಂಡದ್ದು ಬರಿ" ಎಂದು ಗದರಿದವನು ನೀನು. ಹಾಗಾಗಿ ಪೂರ್ತಿ ಕಾಣದೆ ಬರೆಯಲು ಮನಸ್ಸಾಗದೆ ರೋಗಾಣುವಿನ ಜೀನುಗಳನ್ನೂ ಓದಿಸಿದೆ. ರೋಗಾಣುವಿನ ಹೆಸರು ಒಂದೇ, ತಳಿ ಮಾತ್ರ ಮೂರು. ನಿಮ್ಮ ಕಂಪನಿ ಲಸಿಕೆ ತಯಾರಿಸಿದ್ದು ಕೆಳಗಿನ ಕಣಿವೆಯ ಒಂದು ತಳಿಯಿಂದ. ಮೇಲಿನ ಹಳ್ಳಿಗಳ ತೊಟ್ಟಿಗಳಲ್ಲಿದ್ದದ್ದು ಬೇರೆ ಎರಡು. ಮೊದಲನೇ ಪುಟದಲ್ಲಿ ರೋಗಾಣು ಒಂದೇ ಎಂದು ಬರೆದೆ. ಎರಡನೇ ಪುಟದಲ್ಲಿ, ತಳಿಗಳು ಬೇರೆಬೇರೆ ಇರುವುದರಿಂದ ಈ ಲಸಿಕೆ ಮೇಲಿನ ಹಳ್ಳಿಗಳಲ್ಲಿ ಕೆಲಸ ಮಾಡುತ್ತದೆಂದು ಹೇಳಲಾಗದು, ಅಲ್ಲಿ ಪರೀಕ್ಷಿಸದೆ ಕೊಡಬಾರದು ಎಂದು ಬರೆದು, ಕೆಳಗೆ ಸಹಿ ಮಾಡಿದೆ. ನೀನು ಫೋನ್ ಮಾಡಿ ಹೊಗಳಿದ್ದೆ. ಆ ಸಂಜೆ ಖುಷಿಯಲ್ಲಿ ಅಪ್ಪನಿಗೆ ಅಂಜಲ್ ಮೀನು ತಂದುಕೊಟ್ಟೆ.

ದೀಪಾವಳಿಗೆ ನೀನು, ಲಸಿಕೆಯ ಬಗ್ಗೆ ರೈತರಿಗೆ ಹಂಚುವ ಕಂಪನಿಯ ಪುಸ್ತಿಕೆ ಕಳಿಸಿದೆ. ಮಗ, ಮಗಳು ಇಬ್ಬರ ಹೆಸರೂ ಒಂದೇ ಪುಸ್ತಕದಲ್ಲಿ ಬಂದಿದೆಯೆಂದು ಅಮ್ಮ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೇವರ ಪಟದ ಪಕ್ಕ ಇಟ್ಟಳು. ಅರಿಶಿನ ಕುಂಕುಮವೂ ಆಯಿತು. ನಾನು ಬಿಡಿಸಿ ನೋಡಲಿಲ್ಲ. ನನ್ನದೇ ವರದಿ, ನನ್ನದೇ ಅಣ್ಣ, ಓದುವುದೇನಿದೆ ಎಂದುಕೊಂಡೆ.

ಮೇ ಹತ್ತರಂದು ಮೇಲಿನ ಹಳ್ಳಿಯಿಂದ ತಾರಾ ನೇಗಿ ಎನ್ನುವ ಹೆಂಗಸು ಲ್ಯಾಬಿಗೆ ಫೋನ್ ಮಾಡಿದರು. ಪುಸ್ತಿಕೆಯಲ್ಲಿ ಲ್ಯಾಬಿನ ನಂಬರ್ ಇತ್ತಂತೆ. ಅವರದು ಎರಡು ತೊಟ್ಟಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಾರೆ. ಏಪ್ರಿಲಿನಲ್ಲಿ ನಿಮ್ಮ ಜನ ಬಂದು ಮರಿಗಳನ್ನೆಲ್ಲ ಲಸಿಕೆಯ ನೀರಿನಲ್ಲಿ ಅದ್ದಿ ಬಿಟ್ಟು ಹೋದರಂತೆ. ಮೂರು ವಾರದಲ್ಲಿ ಮುಕ್ಕಾಲು ಪಾಲು ಮರಿಗಳು ಬಾಲ ಕೊಳೆತು ಸತ್ತವು. ಪ್ರತಿ ವರ್ಷ ಮರಿ ಬಿಟ್ಟ ಮೇಲೆ ತೊಟ್ಟಿಗೆ ಹೊರಗಿನವರನ್ನು ಸೇರಿಸುತ್ತಿರಲಿಲ್ಲ, ಬಲೆಗಳನ್ನು ಸುಣ್ಣದ ನೀರಿನಲ್ಲಿ ತೊಳೆಯುತ್ತಿದ್ದರು, ಈ ವರ್ಷ ಲಸಿಕೆ ಇದೆಯಲ್ಲ ಎಂದು ಅದನ್ನೂ ಬಿಟ್ಟಿದ್ದರು. ಅವರು ಜಗಳವಾಡಲಿಲ್ಲ, ಅಣ್ಣ. ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: "ಬೇಟಿ, ಕೆಳಗೆ ಸಹಿ ನಿಮ್ಮದೇನಾ?"

ಅವತ್ತು ಮನೆಗೆ ಬಂದು ದೇವರ ಮೂಲೆಯಿಂದ ಆ ಪುಸ್ತಿಕೆ ತೆಗೆದೆ. ನನ್ನ ಮೊದಲನೇ ಪುಟ ಇತ್ತು. ಎರಡನೆಯದು ಇರಲಿಲ್ಲ. ಅದರ ಕೆಳಗಿದ್ದ ನನ್ನ ಸಹಿಯನ್ನು ಮೇಲೆತ್ತಿ ಮೊದಲನೇ ಪುಟದ ಬುಡಕ್ಕೆ ಅಂಟಿಸಿದ್ದರು. ಮುದ್ರಣದವರ ತಪ್ಪಿರಬಹುದು ಎಂದೇ ನಾನು ನಿನಗೆ ಫೋನ್ ಮಾಡಿದ್ದು. ನಿಜವಾಗಿಯೂ ಹಾಗೇ ನಂಬಿದ್ದೆ. ನೀನು ಹೇಳಿದ್ದು ಇಷ್ಟು: "ಅಲ್ಲ ಮಾರಾಯ್ತಿ, ಮೊದಲನೇ ಪುಟದಲ್ಲಿ ಏನಾದರೂ ಸುಳ್ಳು ಉಂಟಾ? ತಳಿ ಗಿಳಿ ಎಲ್ಲ ಆ ಜನಕ್ಕೆ ಅರ್ಥ ಆಗುವುದಿಲ್ಲ. ಮೂರನ್ನೂ ಸೇರಿಸಿ ಲಸಿಕೆ ಮಾಡಲಿಕ್ಕೆ ಇನ್ನೆರಡು ವರ್ಷ ಬೇಕು, ಅಷ್ಟು ದಿನ ಯಾರು ಕಾಯ್ತಾರೆ?"

ಸುಳ್ಳಿರಲಿಲ್ಲ, ನಿಜ. ಅದೇ ನನ್ನನ್ನು ಸುಡುತ್ತಿರುವುದು. ನೀನು ಒಂದು ಸುಳ್ಳು ಹೇಳಿದ್ದರೆ ಅದು ನಿನ್ನದಾಗುತ್ತಿತ್ತು. ನನ್ನ ನಿಜವನ್ನೇ ಅರ್ಧ ಮಾಡಿ, ನನ್ನ ಸಹಿ ಹಾಕಿ, ಆ ಹೆಂಗಸಿನ ಕೈಗೆ ಕೊಟ್ಟೆ. ಪರೀಕ್ಷೆಗೆ ಬೇರೆ ಲ್ಯಾಬ್ ಇರಲಿಲ್ಲವೇ ಎಂದು ಈಗ ಯೋಚಿಸುತ್ತೇನೆ. ಇತ್ತು. ಆದರೆ ಬೇರೆಯವರು ಪುಸ್ತಿಕೆ ಬಿಡಿಸಿ ನೋಡುತ್ತಿದ್ದರು, ತಂಗಿ ನೋಡುವುದಿಲ್ಲ ಎಂದು ನಿನಗೆ ಗೊತ್ತಿತ್ತು. ತಾರಾ ಅವರಿಂದ ಸತ್ತ ಮರಿಗಳನ್ನು ತರಿಸಿ ಪರೀಕ್ಷಿಸಿದೆ. ಮೂರನೇ ತಳಿ. ನಾನು ಬರೆದಿದ್ದದ್ದೇ. ಅದನ್ನು ತಿಳಿಸಲು ಮತ್ತೆ ಫೋನ್ ಮಾಡಿದಾಗ ನೀನು, ಮನೆಯ ವಿಷಯ ಮನೆಯಲ್ಲೇ ಇರಲಿ, ಅಪ್ಪನ ವಯಸ್ಸು ನೋಡು ಎಂದೆ. ಅವತ್ತಿನಿಂದ ಫೋನ್ ತೆಗೆಯುತ್ತಿಲ್ಲ.

ಅಪ್ಪನಿಗೆ ಹೇಳಿದ್ದೇನೆ. ಅವರು ತಟ್ಟೆ ಸರಿಸಿ ಕೈ ತೊಳೆದುಕೊಂಡು ಬಂದು, ಅವನಿಗೆ ಏನಾದರೂ ತೊಂದರೆಯಾಗುತ್ತದಾ ಎಂದು ಮೊದಲು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, ಆ ಹೆಂಗಸಿಗೆ ಮಕ್ಕಳಿದ್ದಾರಾ ಎಂದು ಕೇಳಿದರು. ಅಮ್ಮನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬಂದಿಲ್ಲ.

ಅತ್ತಿಗೆಗೆ ನನ್ನ ನೆನಪು ತಿಳಿಸು, ಅವರ ಮೇಲೆ ನನಗೆ ಬೇಸರವಿಲ್ಲ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊ. ದೇವರು ನಿನಗೆ ಆರೋಗ್ಯ ಕೊಡಲಿ, ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಯಕ್ಷಿತಾ

ಮರೆತಿದ್ದೆ: ಪೂರ್ತಿ ವರದಿ ಮೊನ್ನೆ ಶುಕ್ರವಾರವೇ ಹೋಗಿದೆ, ಹನ್ನೊಂದು ಜನ ರೈತರಿಗೂ ಅಲ್ಲಿನ ಮೀನುಗಾರಿಕೆ ಇಲಾಖೆಗೂ. ಜೊತೆಗೆ, ಪುಸ್ತಿಕೆಯಲ್ಲಿರುವುದು ನನ್ನ ಪೂರ್ತಿ ವರದಿಯಲ್ಲ ಎಂದು ನಾನೇ ಬರೆದ ಪತ್ರ. ನಮ್ಮ ಲ್ಯಾಬಿನ ಅಮೋಲ್ ಸರ್ ಓದಿ ತಾವೂ ಸಹಿ ಹಾಕಿದರು. ಯಾರು ತೆಗೆದರು ಎಂದು ಇಲಾಖೆಯವರು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ. ಉಳಿದ ತೊಟ್ಟಿಗಳನ್ನು ನೋಡಲು ಇಪ್ಪತ್ತನೇ ತಾರೀಕು ನಾನೇ ಮೇಲಿನ ಹಳ್ಳಿಗೆ ಹೋಗುತ್ತಿದ್ದೇನೆ, ತಾರಾ ಅವರ ಮನೆಯಲ್ಲಿ ಉಳಿಯುತ್ತೇನೆ. ಬಸ್ಸು ನಿಮ್ಮ ಊರಿನಲ್ಲಿ ಅರ್ಧ ಗಂಟೆ ನಿಲ್ಲುತ್ತದಂತೆ. ನಾನು ಇಳಿಯುವುದಿಲ್ಲ.