ಏಡಿ, ಕಫ ಮತ್ತು ಗೋಡೆಯ ಮೇಲಿನ ನನ್ನ ಹೆಂಡತಿ

ಕ್ಷಯರೋಗ ನಿಯಂತ್ರಣಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು ಹೊಡೆದುಹಾಕಿದ್ದೇನೆ. ನನ್ನ ಕ್ಷೌರದಂಗಡಿಯ ಎದುರು ಗೋಡೆಯಲ್ಲಿ, ‘ನಾನು ಕ್ಷಯವನ್ನು ಗೆದ್ದೆ’ ಎಂಬ ನಿಮ್ಮ ಪೋಸ್ಟರಿನಲ್ಲಿ ನಗುತ್ತಿರುವ ಹೆಂಗಸು ನನ್ನ ಹೆಂಡತಿ. ಅವಳಿಗೆ ಕ್ಷಯ ಬಂದೇ ಇರಲಿಲ್ಲ. ಶ್ವಾಸಕೋಶದಲ್ಲಿ ಹುಳು ಇತ್ತು.

ಕೆಮ್ಮಿದರೆ ತುಕ್ಕಿನ ಬಣ್ಣದ ಕಫ ಬರುತ್ತಿತ್ತು. ನಿಮ್ಮ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ನೋಡಿದರೂ ಅದರಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಕಲೆ ಇದೆಯೆಂದು ಕ್ಷಯದ ಮಾತ್ರೆಯನ್ನೇ ಶುರು ಮಾಡಿದಿರಿ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು! ನನ್ನ ಹೆಂಡತಿ ತಾನಾಗಿಯೇ ಕೇಳಿದಳು: “ಸಾರ್, ನಾನು ಹಳ್ಳದ ಏಡಿ ಸುಟ್ಕೊಂಡು ತಿಂತೀನಿ, ಏನೂ ಆಗಲ್ವಾ?” ನೀವು ತಲೆಯೆತ್ತದೆ, “ತಿನ್ನಮ್ಮ, ಚೆನ್ನಾಗಿ ತಿನ್ನು. ಶಕ್ತಿ ಬರುತ್ತೆ” ಎಂದಿರಿ. ದೊಡ್ಡವರ ಮಾತೆಂದು ಅವಳು ಎರಡರಷ್ಟು ತಿಂದಳು. ಆ ಹುಳು ಒಳಹೋಗುವುದೇ ಅರೆಬೆಂದ ಏಡಿಯಿಂದ ಎಂದು ಅರೆಬೆಂದ ವೈದ್ಯರಿಗೆ ಯಾರು ಹೇಳಬೇಕಿತ್ತು, ಕ್ಷೌರಿಕನೇ?

ಮಾತ್ರೆ ಮುಗಿದ ಮೇಲೆ ಅವಳನ್ನು ವೇದಿಕೆ ಹತ್ತಿಸಿ, ಚಪ್ಪಾಳೆ ತಟ್ಟಿಸಿ, ಫೋಟೊ ತೆಗೆಸಿದಿರಿ. ಇಳಿಯುವಾಗಲೇ ಕರ್ಚೀಫಿಗೆ ಕೆಮ್ಮಿದಳು, ಅದೇ ತುಕ್ಕಿನ ಬಣ್ಣದ ಕಫ. ಅದನ್ನು ನಿಮಗೆ ತೋರಿಸಿದೆ. “ಅದೆಲ್ಲ ಹಳೇದು ಕಣಯ್ಯ, ಹೋಗ್ತಾ ಹೋಗ್ತಾ ಸರಿಹೋಗುತ್ತೆ” ಎಂದಿರಿ. ಪೋಸ್ಟರ್ ಬಂದ ಮೇಲೆ ಸರಿಯಾಗಿ ಹೋದದ್ದು ನನ್ನ ಗಿರಾಕಿಗಳು, ಪಕ್ಕದ ಬೀದಿಯ ಅಂಗಡಿಗೆ.

ಕೊನೆಗೆ ಬೇರೆ ಆಸ್ಪತ್ರೆಯ ವೈದ್ಯೆಯೊಬ್ಬರು “ಏನೇನು ತಿಂತೀಯಮ್ಮ?” ಎಂದು ಕೇಳಿ, ಅಂಥದೇ ಕಫದಲ್ಲಿ ಹುಳುವಿನ ಮೊಟ್ಟೆ ತೋರಿಸಿದರು. ಎರಡು ಮೂರು ದಿನದ ಔಷಧಿ ಸಾಕಾಯಿತು, ಕೆಮ್ಮು ಕ್ರಮೇಣ ನಿಂತಿತು. ಅಷ್ಟರಲ್ಲಿ ಮಸುಕಾಗಿದ್ದ ದೃಷ್ಟಿ ಮಾತ್ರ ಮರಳಲಿಲ್ಲ. ನಿಮ್ಮ ಮಾತ್ರೆಗಳಲ್ಲೊಂದು ಅದನ್ನು ಮಂಜು ಮಾಡಿದೆಯಂತೆ. ಬಟ್ಟೆ ಹೊಲಿದು ಹೆಸರು ಮಾಡಿದ್ದವಳು ಈಗ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ.

ನಿಮ್ಮ ಕ್ಷಮೆ ನೀವೇ ಇಟ್ಟುಕೊಳ್ಳಿ. ಕ್ಷಯಕ್ಕೆಂದು ಕಫ ನೋಡುವಲ್ಲೇ ಹುಳುವಿನ ಮೊಟ್ಟೆಯನ್ನೂ ಹುಡುಕಬೇಕೆಂದು ಆದೇಶ ಹೊರಡಿಸಿ. ಆಮೇಲೆ ಏಣಿ ಹತ್ತಿ, ಬೀದಿಯೆಲ್ಲ ನೋಡುತ್ತಿರುವಾಗ, ನಿಮ್ಮ ಕೈಯಾರೆ ಆ ಪೋಸ್ಟರ್ ಕಿತ್ತುಹಾಕಿ. ಅಲ್ಲಿಯವರೆಗೆ ಉಳಿದಿರುವ ಗಿರಾಕಿಗಳ ಗಡ್ಡಕ್ಕೆ ನೊರೆ ಹಚ್ಚಿ ಈ ಕಥೆಯನ್ನು ಪೂರ್ತಿ ಹೇಳುತ್ತೇನೆ. ಗಂಟಲ ಮೇಲೆ ಕತ್ತಿ ಇರುವಾಗ ಯಾರೂ ಎದ್ದುಹೋಗುವುದಿಲ್ಲ.

ನಿನ್ನೆ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಕೇಳಿದಳು: “ನನ್ ಫೋಟೊ ಇನ್ನೂ ಅಲ್ಲೇ ಇದೆಯೇನ್ರೀ?”

“ಇಲ್ಲ ಕಣೇ, ಕಿತ್ತಾಕಿದ್ರು” ಎಂದೆ. ಎದುರಿಗೇ ನೋಡುತ್ತಾ ನಂಬಿದಳು. ಬೇಗ ಬಂದು ನನ್ನ ಸುಳ್ಳನ್ನು ನಿಜ ಮಾಡಿ.

ಇಂತಿ,
ಇಲ್ಲದ ರೋಗ ಗೆದ್ದವಳ ಗಂಡ