ಗೊಂಬೆಯ ಮಚ್ಚೆ

ಅಕ್ಕಾ,

ನೀನು ತೀರಿಕೊಂಡ ಮೇಲೆ ನಿನ್ನ ಗಂಡನನ್ನು ಮದುವೆಯಾಗಿ ಬಂದವಳು ನಾನು. ಫೋಟೋದಲ್ಲಷ್ಟೇ ನೋಡಿದ್ದೇನೆ, ಆದರೂ ನನ್ನ ಹೊಟ್ಟೆ ಉರಿಸುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ. ಇವರಿಗೆ ಹೇಳಿದರೆ ನಿನ್ನ ಪರವೇ ವಹಿಸುತ್ತಾರೆ. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ.

ಇವತ್ತು ನಿನ್ನ ಮಗಳ ಪ್ಲಾಸ್ಟಿಕ್ ಗೊಂಬೆಯನ್ನು ತೊಳೆದೆ. ಪಾತ್ರೆ ಸೋಪಿಗೆ ಜಗ್ಗದ ಕೊಳೆ, ಟೂತ್‌ಪೇಸ್ಟ್ ಹಚ್ಚಿ ಹಳೇ ಬ್ರಶ್ಶಿನಿಂದ ತಿಕ್ಕಿದಾಗ ಬಿಟ್ಟಿತು. ಕೆನ್ನೆಯ ಮೇಲಿನ ಕಪ್ಪು ಚುಕ್ಕೆ ಮಾತ್ರ ಹಟ ಹಿಡಿಯಿತು. ಅದು ನೀನು ಪೆನ್ನಿನಿಂದ ಇಟ್ಟ ಮಚ್ಚೆ ಎಂದು ಗೊತ್ತಿತ್ತು. ಫೋಟೋದಲ್ಲಿ ನಿನಗೂ ಅಲ್ಲೇ ಇದೆ. ಹತ್ತಿಯನ್ನು ನೈಲ್‌ಪಾಲಿಶ್ ರಿಮೂವರ್‌ನಲ್ಲಿ ಅದ್ದಿ ಒರೆಸಿಬಿಟ್ಟೆ.

ಹುಡುಗಿ ಶಾಲೆಯಿಂದ ಬಂದವಳೇ, "ಚಿಕ್ಕಮ್ಮಾ, ಅಮ್ಮನ ಮಚ್ಚೆ ಎಲ್ಲಿ?" ಅಂದಳು.

"ಕೊಳೆ ಜೊತೆ ಹೋಯ್ತೇನೋ. ತಾ, ನಾನೇ ಇಟ್ಕೊಡ್ತೀನಿ."

ಪೆನ್ನು ತೆಗೆದುಕೊಂಡು ಗೊಂಬೆಯ ತುಟಿಯ ಕೆಳಗೆ ಇಟ್ಟೆ. ನನಗಿರುವುದು ಅಲ್ಲಿ.

ಅವಳು ಗೊಂಬೆಯನ್ನು ನೋಡಿದಳು, ನನ್ನ ಮುಖ ನೋಡಿದಳು. "ಇದು ನಿಂದು," ಎಂದು ಪೆನ್ನು ಕಿತ್ತುಕೊಂಡು ಕೆನ್ನೆಯ ಮೇಲೆ ಇನ್ನೊಂದು ಇಟ್ಟಳು.

ಈಗ ಗೊಂಬೆಗೆ ಎರಡು ಮಚ್ಚೆ. ನನ್ನದನ್ನು ಅವಳು ಅಳಿಸಲಿಲ್ಲ. ಆದರೆ ನಿನ್ನದೇ ಕೊಂಚ ದೊಡ್ಡದು, ಅಕ್ಕಾ.